ಶ್ರೀರಂಗಪಟ್ಟಣದ ಗದ್ದೆಯಿಂದ ಮಾಕುಟ್ಟದ ತೋಡಿನವರೆಗೆ: ಡ್ರ್ಯಾಗನ್‌ಫ್ಲೈಗಳ ಬೆನ್ನು ಹತ್ತಿ

ಸೆಪ್ಟೆಂಬರ್ ಕೊನೆಯ ವಾರ, ಮುಂಗಾರಿನ ಅಬ್ಬರ ಇಳಿದು ಹೊಳೆಗಳ ಕೆಂಪು ನೀರು ತಿಳಿಯಾಗತೊಡಗಿದ ಹೊತ್ತಿನಲ್ಲಿ, ನಾವು ಮೂವರು ಗೆಳೆಯರು ಮೈಸೂರಿನಿಂದ ಹೊರಟೆವು. ಶ್ರೀರಂಗಪಟ್ಟಣದ ಗದ್ದೆಬಯಲಿನಲ್ಲಿ ಆರಂಭಿಸಿ, ಕಾವೇರಿಯ ದಡ ಹಿಡಿದು ಕೊಡಗಿಗೆ ಏರಿ, ಕೊನೆಗೆ ಘಟ್ಟದ ಪಶ್ಚಿಮದ ಇಳಿಜಾರಿನಲ್ಲಿರುವ ಮಾಕುಟ್ಟದ ತೋಡುಗಳನ್ನು ತಲುಪುವುದು ನಮ್ಮ ಯೋಜನೆಯಾಗಿತ್ತು. ಭಾರತದಲ್ಲಿ ನೀರಿನ ಬಳಿ ಹಾರಾಡುವ ಡ್ರ್ಯಾಗನ್‌ಫ್ಲೈ ಮತ್ತು ಡ್ಯಾಮ್ಸೆಲ್‌ಫ್ಲೈ ಎಂಬ ಕೀಟಗಳ ಸುಮಾರು 500 ಪ್ರಭೇದಗಳಿದ್ದು, ಅವುಗಳಲ್ಲಿ ಸುಮಾರು 200 ಪಶ್ಚಿಮ ಘಟ್ಟದಲ್ಲೇ ಸಿಗುತ್ತವೆ. ಕೆರೆಯ ನಿಂತ ನೀರು, ಗದ್ದೆಯ ತೆಳು ನೀರು, ನದಿಯ ಹರಿವು, ಕಾಡಿನ ನೆರಳಿನಲ್ಲಿ ಕಲ್ಲಿನಿಂದ ಕಲ್ಲಿಗೆ ಜಾರುವ ತೋಡು, ಇವುಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಆದ ಪ್ರಭೇದಗಳಿರುವುದರಿಂದ ಒಂದೇ ಜಾಗದಲ್ಲಿ ವಾರಗಟ್ಟಲೆ ಕೂರುವುದಕ್ಕಿಂತ ನೀರಿನ ಸ್ವರೂಪ ಬದಲಾಗುವ ದಾರಿಯಲ್ಲಿ ಸಾಗುವುದು ಹೆಚ್ಚು ಕಲಿಸುತ್ತದೆ ಎಂಬುದು ನನ್ನ ಅನುಭವ. ಇನ್ನೊಂದು ವಿಷಯವನ್ನು ಹೊರಡುವ ಮೊದಲೇ ನಾವು ಮಾತಾಡಿಕೊಂಡಿದ್ದೆವು. ನಾವು ತೆಗೆಯುವ ಚಿತ್ರ ಮೊದಲು ಸಾಕ್ಷಿಯಾಗಬೇಕು, ಆಮೇಲೆ ಬೇಕಾದರೆ ಚಂದವಾಗಲಿ. ಕೀಟವನ್ನು ಬಲೆಯಲ್ಲಿ ಹಿಡಿಯದೆ, ಕೊಲ್ಲದೆ, ಅದರ ಹೆಸರನ್ನು ಖಚಿತವಾಗಿ ಹೇಳಬೇಕೆಂದರೆ ಚಿತ್ರದಲ್ಲಿ ಏನೇನು ಕಾಣಿಸಬೇಕು ಎಂಬುದು ತೆಗೆಯುವವನಿಗೆ ಕ್ಯಾಮೆರಾ ಎತ್ತುವ ಮೊದಲೇ ಗೊತ್ತಿರಬೇಕು.

ಮೊದಲನೆಯ ದಿನ

ಬೆಳಗಿನ ಏಳು ಗಂಟೆಗೆ ಶ್ರೀರಂಗಪಟ್ಟಣದ ಕೋಟೆಗೋಡೆಯ ಹತ್ತಿರ ನಿಂತಾಗ ಬಿಸಿಲು ಇನ್ನೂ ಕಲ್ಲಿಗೆ ತಾಗಿರಲಿಲ್ಲ. ಈ ಗೋಡೆಯನ್ನು ಮೊದಲು ಆಯ್ದುಕೊಳ್ಳಲು ಕಾರಣವಿತ್ತು. ಗ್ರಾನೈಟ್ ಘೋಸ್ಟ್ ಎಂದು ಕರೆಯುವ ಬ್ರಾಡಿನೊಪೈಗಾ ಜೆಮಿನೇಟಾ ಇಂತಹ ಕಲ್ಲುಗೋಡೆಗಳಲ್ಲಿಯೇ ಕೂರುತ್ತದೆ. ಬೂದು, ಕಪ್ಪು, ಬಿಳಿ ಚುಕ್ಕೆಗಳು ಬೆರೆತ ಅದರ ಮೈ ಕಣಶಿಲೆಯ ಮೈಯೊಂದಿಗೆ ಎಷ್ಟು ಹೊಂದಿಕೊಳ್ಳುತ್ತದೆಂದರೆ, ಅದು ಹಾರಿ ಮತ್ತೆ ಕೂತ ಜಾಗವನ್ನು ಕಣ್ಣಾರೆ ನೋಡಿದ್ದರೂ ಒಂದು ಕ್ಷಣ ಹುಡುಕಬೇಕಾಗುತ್ತದೆ. ರೆಕ್ಕೆಗಳನ್ನು ಗೋಡೆಗೆ ಒತ್ತಿ ಹರಡಿ ಕೂರುವುದರಿಂದ ಕ್ಯಾಮೆರಾವನ್ನು ಗೋಡೆಗೆ ನೇರವಾಗಿ ಹಿಡಿದರೆ ತಲೆಯಿಂದ ಬಾಲತುದಿಯವರೆಗೆ ಎಲ್ಲವೂ ಒಂದೇ ಫೋಕಸ್ಸಿನಲ್ಲಿ ಬರುತ್ತದೆ. ರೆಕ್ಕೆಯ ತುದಿಯ ಬಳಿ ಇರುವ ಸಣ್ಣ ಬಣ್ಣದ ಚುಕ್ಕೆ, ಅಂದರೆ ಟೆರೋಸ್ಟಿಗ್ಮಾ, ಈ ಪ್ರಭೇದದಲ್ಲಿ ಮಧ್ಯದಲ್ಲಿ ಕಪ್ಪಾಗಿಯೂ ಎರಡು ತುದಿಗಳಲ್ಲಿ ಬಿಳಿಯಾಗಿಯೂ ಇರುತ್ತದೆ. ಅದು ಚಿತ್ರದಲ್ಲಿ ಸ್ಪಷ್ಟವಾಗಿ ಬಂದರೆ ಗುರುತಿನ ಬಗ್ಗೆ ಮತ್ತೆ ಚರ್ಚೆ ಬೇಕಿಲ್ಲ. ಬಂಡೆಯ ಗುಂಡಿಗಳಲ್ಲಿ, ಸಿಮೆಂಟ್ ತೊಟ್ಟಿಗಳಲ್ಲಿ ನಿಂತ ಮಳೆನೀರು ಇದರ ಮರಿಗಳಿಗೆ ಸಾಕಾಗುತ್ತದೆ. ಆದ್ದರಿಂದಲೇ ಊರು, ಕೋಟೆ, ಮನೆಯ ಕಾಂಪೌಂಡುಗಳಲ್ಲಿ ಇದು ಆರಾಮವಾಗಿ ಬದುಕುತ್ತದೆ.

ಅಲ್ಲಿಂದ ಬಂಗಾರದೊಡ್ಡಿ ನಾಲೆಯ ಕಡೆಯ ಗದ್ದೆಗಳಿಗೆ ಇಳಿದೆವು. ಭತ್ತ ಮೊಣಕಾಲೆತ್ತರ ಬೆಳೆದಿತ್ತು, ಬದುಗಳ ಹುಲ್ಲಿನ ಮೇಲೆ ಇಬ್ಬನಿ ಆರಿರಲಿಲ್ಲ. ಇಬ್ಬನಿಯ ಹೊತ್ತು ನಮಗೆ ಅಮೂಲ್ಯವಾದದ್ದು, ಏಕೆಂದರೆ ಮೈ ಬಿಸಿಯಾಗುವವರೆಗೆ ಈ ಕೀಟಗಳು ಹಾರಲಾರವು ಮತ್ತು ಮ್ಯಾಕ್ರೋ ಲೆನ್ಸ್ ಹಿಡಿದು ಒಂದಡಿ ದೂರದವರೆಗೂ ಹೋಗಬಹುದು. ನಮ್ಮ ಜೊತೆ ಬಂದಿದ್ದ ಗೆಳೆಯರೊಬ್ಬರಿಗೆ ಈ ಲೋಕ ಹೊಸದಾದ್ದರಿಂದ ಮೊದಲ ಪಾಠವನ್ನು ಅಲ್ಲೇ ಬದುವಿನ ಮೇಲೆ ಕೂತು ಮಾಡಿದೆವು. ಏರೋಪ್ಲೇನ್ ಚಿಟ್ಟೆ ಎಂದು ನಮ್ಮ ಹಳ್ಳಿಗಳಲ್ಲಿ ಮಕ್ಕಳು ಕರೆಯುವ ದೊಡ್ಡ ಕೀಟಗಳು ಡ್ರ್ಯಾಗನ್‌ಫ್ಲೈಗಳು. ಅವುಗಳ ಹಿಂದಿನ ರೆಕ್ಕೆ ಮುಂದಿನದಕ್ಕಿಂತ ಬುಡದಲ್ಲಿ ಅಗಲ, ಕೂತಾಗ ರೆಕ್ಕೆಗಳು ಹರಡಿರುತ್ತವೆ. ಡ್ಯಾಮ್ಸೆಲ್‌ಫ್ಲೈಗಳ ಮೈ ಸಪೂರ, ಕಣ್ಣುಗಳು ತಲೆಯ ಎರಡು ಬದಿಗೆ ದೂರದೂರ, ನಾಲ್ಕೂ ರೆಕ್ಕೆಗಳು ಹೆಚ್ಚುಕಡಿಮೆ ಒಂದೇ ಆಕಾರ, ಮತ್ತು ಬಹುಪಾಲು ಪ್ರಭೇದಗಳು ಕೂತಾಗ ರೆಕ್ಕೆಗಳನ್ನು ಬೆನ್ನಿನ ಮೇಲೆ ಮಡಚಿಕೊಳ್ಳುತ್ತವೆ. ಎರಡು ಸೆಂಟಿಮೀಟರಿನಷ್ಟೇ ಉದ್ದದ ಪಿಗ್ಮಿ ಡಾರ್ಟ್‌ಲೆಟ್ ಹುಲ್ಲಿನ ಬುಡದಲ್ಲಿ ಸಿಕ್ಕಿತು. ಮಾಗಿದ ಗಂಡಿನ ಎದೆಯ ಮೇಲೆ ಬಿಳಿಯ ಹುಡಿ ಹತ್ತಿದ್ದು, ಎಳೆಯ ಹೆಣ್ಣು ಕೆಂಪಾಗಿತ್ತು.

ಬಣ್ಣವನ್ನೇ ನಂಬಿ ಹೆಸರು ಹೇಳುವುದು ಎಷ್ಟು ಅಪಾಯಕಾರಿ ಎಂಬುದನ್ನು ಗದ್ದೆಗಿಂತ ಚೆನ್ನಾಗಿ ಕಲಿಸುವ ಜಾಗ ಬೇರೆ ಇಲ್ಲ. ನೆಲಕ್ಕೆ ಅಂಟಿಕೊಂಡಂತೆ ಕೂರುವ ಗ್ರೌಂಡ್ ಸ್ಕಿಮ್ಮರ್‌ನ ಗಂಡು ಎಳೆಯದಿದ್ದಾಗ ಹಳದಿ ಮಿಶ್ರಿತ ಹಸಿರು, ಕಪ್ಪು ಗೆರೆಗಳು. ಅದೇ ಗಂಡು ಮಾಗಿದಾಗ ಮೈಯೆಲ್ಲ ನೀಲಿ ಹುಡಿ ಬಳಿದುಕೊಳ್ಳುತ್ತದೆ. ನೋಡದವರು ಎರಡನ್ನೂ ಬೇರೆ ಬೇರೆ ಕೀಟಗಳೆಂದೇ ತಿಳಿಯುತ್ತಾರೆ. ಕೆಂಪು ಕೀಟಗಳ ವಿಷಯವೂ ಹೀಗೆಯೇ. ಕ್ರೋಕೋಥೆಮಿಸ್ ಸರ್ವೀಲಿಯಾ ಮತ್ತು ಆರ್ಥೆಟ್ರಮ್ ಕ್ರೈಸಿಸ್ ದೂರದಿಂದ ಒಂದೇ ಎನಿಸುತ್ತವೆ. ಮೊದಲನೆಯದರ ಎದೆಯೂ ಕೆಂಪು, ಬೆನ್ನಿನ ನಡುವೆ ಉದರದ ಉದ್ದಕ್ಕೂ ತೆಳುವಾದ ಕಪ್ಪು ಗೆರೆ; ಎರಡನೆಯದರ ಎದೆ ಕಂದು, ಉದರ ಮಾತ್ರ ಕೆಂಪು. ಹಾಗಾಗಿ ಮೇಲಿನಿಂದ ಒಂದು ಚಿತ್ರ, ಪಕ್ಕದಿಂದ ಒಂದು ಚಿತ್ರ ಎರಡೂ ಇಲ್ಲದೆ ನಾವು ಯಾವ ಕೆಂಪು ಕೀಟವನ್ನೂ ಪಟ್ಟಿಗೆ ಸೇರಿಸಲಿಲ್ಲ. ರೆಕ್ಕೆಯ ಅರ್ಧ ಭಾಗ ಕಡುಗಪ್ಪು, ಅದರಾಚೆ ಹಾಲುಬಿಳುಪಿನ ಪಟ್ಟಿ ಇರುವ ಪೈಡ್ ಪ್ಯಾಡಿ ಸ್ಕಿಮ್ಮರ್, ಹಳದಿ ಮತ್ತು ಕಪ್ಪು ರೆಕ್ಕೆಗಳ ಕಾಮನ್ ಪಿಕ್ಚರ್‌ವಿಂಗ್ ಇವುಗಳಿಗೆ ಇಷ್ಟು ಶ್ರಮ ಬೇಕಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಗದ್ದೆಯ ಮೇಲೆ ವಾಂಡರಿಂಗ್ ಗ್ಲೈಡರ್‌ಗಳ ಹಿಂಡು ತೇಲಾಡತೊಡಗಿತು. ಪ್ಯಾಂಟಾಲಾ ಫ್ಲಾವೆಸೆನ್ಸ್ ಎಂಬ ಈ ಸಾಧಾರಣ ಕಂದುಹಳದಿ ಕೀಟವನ್ನು ನಾವು ದಿನವೂ ನೋಡಿಯೂ ನೋಡದಂತೆ ಇರುತ್ತೇವೆ. ಇದು ಭಾರತದಿಂದ ಹೊರಟು ಮಾಲ್ಡೀವ್ಸ್ ಮೂಲಕ ಹಿಂದೂ ಮಹಾಸಾಗರವನ್ನು ದಾಟಿ ಪೂರ್ವ ಆಫ್ರಿಕಾವನ್ನು ಸೇರುತ್ತದೆ ಎಂದು 2009ರಲ್ಲಿ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ ವಾದಿಸಿದರು. ಅಕ್ಟೋಬರ್‌ನಲ್ಲಿ ಮಾಲ್ಡೀವ್ಸ್‌ನ ದ್ವೀಪಗಳಲ್ಲಿ ಇವು ಇದ್ದಕ್ಕಿದ್ದಂತೆ ಲಕ್ಷಗಟ್ಟಲೆ ಕಾಣಿಸಿಕೊಳ್ಳುವುದು, ಅಲ್ಲಿ ಇವು ಬೆಳೆಯಲು ಬೇಕಾದ ಸಿಹಿನೀರು ಇಲ್ಲದಿರುವುದು ಅವರ ವಾದಕ್ಕೆ ಆಧಾರವಾಗಿದ್ದವು. ಅಗಲವಾದ ಹಿಂದಿನ ರೆಕ್ಕೆಗಳ ಮೇಲೆ ಗಾಳಿಯನ್ನು ಹಿಡಿದು ತೇಲುವ ಇದರ ಹಾರಾಟವನ್ನು ಒಮ್ಮೆ ಗಮನಿಸಿ ನೋಡಿದವರಿಗೆ ಆ ಪ್ರಯಾಣ ಅಸಾಧ್ಯವೆನಿಸುವುದಿಲ್ಲ. ಸಂಜೆ ಮಬ್ಬಿನಲ್ಲಿ ನಾಲೆಯ ಮೇಲೆ ಥೋಲಿಮಿಸ್ ಟಿಲ್ಲಾರ್ಗಾ ಹಾರುತ್ತಿತ್ತು; ಹಿಂದಿನ ರೆಕ್ಕೆಗಳ ಬಿಳಿಯ ಮಚ್ಚೆ ಮಾತ್ರ ಕತ್ತಲಲ್ಲಿ ಮಿನುಗುತ್ತಿತ್ತು. ಚಿತ್ರ ಸಿಗಲಿಲ್ಲವಾದರೂ ಆ ಮಚ್ಚೆ ಮತ್ತು ಆ ಹೊತ್ತು ಗುರುತಿಗೆ ಸಾಕು.

ಎರಡನೆಯ ದಿನ

ಕುಶಾಲನಗರ ದಾಟಿ ಸಿದ್ದಾಪುರದ ದಾರಿಯಲ್ಲಿ ಕಾವೇರಿ ದಡಕ್ಕೆ ಇಳಿದಾಗ ನದಿ ಬಂಡೆಗಳ ನಡುವೆ ಸೀಳಿಕೊಂಡು ಹರಿಯುತ್ತಿತ್ತು. ದಡದಲ್ಲಿ ಹೊಳೆಮತ್ತಿ ಮತ್ತು ನೇರಳೆಯ ಮರಗಳು ನೀರಿನ ಮೇಲೆ ಬಾಗಿದ್ದವು. ನಿಂತ ನೀರಿನ ಕೀಟಗಳು ಇಲ್ಲಿ ಬಹುಮಟ್ಟಿಗೆ ಮರೆಯಾಗಿ, ಆಮ್ಲಜನಕ ತುಂಬಿದ ಹರಿಯುವ ನೀರನ್ನೇ ಬಯಸುವ ಪ್ರಭೇದಗಳು ಕಾಣಿಸಿಕೊಂಡವು. ನೀರಿನಲ್ಲಿ ಅರ್ಧ ಮುಳುಗಿದ ಒಣಕೊಂಬೆಯ ತುದಿಯಲ್ಲಿ ಹಳದಿ ಬಣ್ಣದ, ಗಿಡ್ಡ ಉದರದ ರಿವರ್ ಹೀಲಿಯೋಡೋರ್ ಗಂಡು ಕೂತಿತ್ತು. ಇದರ ಕುಟುಂಬದ ಕೀಟಗಳಿಗೆ ಮುಖ ಮೂತಿಯಂತೆ ಮುಂದಕ್ಕೆ ಚಾಚಿರುತ್ತದೆ, ಉದರ ರೆಕ್ಕೆಗಳಿಗಿಂತ ಗಿಡ್ಡವಿರುತ್ತದೆ. ಪಕ್ಕದಿಂದ ತೆಗೆದ ಚಿತ್ರದಲ್ಲಿ ಈ ಎರಡು ಲಕ್ಷಣ ಕಂಡರೆ ಕುಟುಂಬದ ಮಟ್ಟಿಗೆ ಅನುಮಾನ ಉಳಿಯುವುದಿಲ್ಲ. ಹೆಣ್ಣು ಕೊಳೆತ ಮರದ ತುಂಡಿನೊಳಕ್ಕೆ ಮೊಟ್ಟೆ ಇಡುವುದರಿಂದ ನದಿಯಲ್ಲಿ ಬಿದ್ದು ಸಿಕ್ಕಿಕೊಂಡ ಮರಗಳನ್ನೆಲ್ಲ ಕಸವೆಂದು ತೆಗೆದುಹಾಕಿದರೆ ಈ ಕೀಟಕ್ಕೆ ನೆಲೆಯೇ ಇರುವುದಿಲ್ಲ. ನದಿ ಸ್ವಚ್ಛತೆ ಎಂಬ ಹೆಸರಿನಲ್ಲಿ ದಡವನ್ನು ಬೋಳು ಮಾಡುವ ಕೆಲಸಗಳನ್ನು ನೋಡುವಾಗ ನನಗೆ ಮೊದಲು ನೆನಪಾಗುವುದು ಇಂತಹ ಕೊಂಬೆಗಳೇ.

ಆ ದಿನದ ಬಹುಪಾಲು ಹೊತ್ತನ್ನು ನಾವು ಸ್ಟ್ರೀಮ್ ಗ್ಲೋರಿಗೆ ಕೊಟ್ಟೆವು. ನ್ಯೂರೋಬೇಸಿಸ್ ಚೈನೆನ್ಸಿಸ್ ಎಂಬ ಈ ಡ್ಯಾಮ್ಸೆಲ್‌ಫ್ಲೈಗೆ 1758ರಲ್ಲಿ ಲಿನ್ನೇಯಸ್‌ನೇ ಹೆಸರಿಟ್ಟದ್ದು. ಗಂಡಿನ ಮುಂದಿನ ರೆಕ್ಕೆಗಳು ತಿಳಿಹಸಿರು ಛಾಯೆಯ ಪಾರದರ್ಶಕ. ಹಿಂದಿನ ರೆಕ್ಕೆಗಳ ಮೇಲ್ಮೈ ಲೋಹದ ಹೊಳಪಿನ ಹಸಿರು, ಬೆಳಕಿನ ಕೋನ ಬದಲಾದಂತೆ ನೀಲಿಗೆ ತಿರುಗುವಂಥದ್ದು, ತುದಿ ಕಪ್ಪು. ಕೂತಾಗ ರೆಕ್ಕೆ ಮಡಚಿರುವುದರಿಂದ ಆ ಹಸಿರು ಕಾಣಿಸುವುದೇ ಇಲ್ಲ; ನೋಡುವವರಿಗೆ ಕಪ್ಪುಕಂದು ಬಣ್ಣದ ಸಾಮಾನ್ಯ ಕೀಟವೊಂದು ಕಲ್ಲಿನ ಮೇಲೆ ಕೂತಂತೆ ತೋರುತ್ತದೆ. ಆದರೆ ಅದು ಪ್ರತಿ ಕೆಲವು ಸೆಕೆಂಡುಗಳಿಗೊಮ್ಮೆ ರೆಕ್ಕೆಗಳನ್ನು ಒಮ್ಮೆ ತೆರೆದು ಮುಚ್ಚುತ್ತದೆ. ಆ ತೆರೆಯುವ ಕ್ಷಣಕ್ಕಾಗಿ ಲೆನ್ಸನ್ನು ಕೀಟಕ್ಕೆ ಸ್ವಲ್ಪ ಮೇಲಿನಿಂದ ಹಿಡಿದು, ಸೂರ್ಯ ಬೆನ್ನ ಹಿಂದೆ ಇರುವಂತೆ ನಿಂತು, ಶಟರನ್ನು 1/1000 ಸೆಕೆಂಡಿಗೆ ಇಟ್ಟು ಕಾದೆವು. ನಮ್ಮ ನೆರಳು ಅದರ ಮೇಲೆ ಬಿದ್ದರೆ ಹಾರಿಹೋಗುತ್ತದೆ, ಆದರೆ ಸದ್ದಿಲ್ಲದೆ ಅಲ್ಲೇ ನಿಂತರೆ ಸ್ವಲ್ಪ ಹೊತ್ತಿನಲ್ಲಿ ಅದೇ ಕಲ್ಲಿಗೆ ವಾಪಸ್ಸಾಗುತ್ತದೆ. ದೊಡ್ಡ ಡ್ರ್ಯಾಗನ್‌ಫ್ಲೈಗಳ ಒಂದೊಂದು ಕಣ್ಣಿನಲ್ಲಿ 30,000ದವರೆಗೆ ಕಿರುಕಣ್ಣುಗಳಿರುತ್ತವೆ. ಡ್ಯಾಮ್ಸೆಲ್‌ಫ್ಲೈಗಳ ಕಣ್ಣು ಚಿಕ್ಕದಾದರೂ ಚಲನೆಯನ್ನು ಹಿಡಿಯುವುದರಲ್ಲಿ ಕಡಿಮೆಯೇನಿಲ್ಲ. ಆದ್ದರಿಂದ ಇವುಗಳ ಹಿಂದೆ ಓಡುವುದಕ್ಕಿಂತ ಅವು ಇಷ್ಟಪಡುವ ಕಲ್ಲನ್ನು ಗುರುತಿಸಿ ಅದರ ಬಳಿ ಕೂರುವುದು ಮೇಲು.

ಹನ್ನೊಂದು ಗಂಟೆಯ ಸುಮಾರಿಗೆ ಒಂದು ಹೆಣ್ಣು ಬಂದಿತು. ಅದರ ರೆಕ್ಕೆಗಳು ಜೇನಿನ ಬಣ್ಣದವು, ಹಿಂದಿನ ರೆಕ್ಕೆಯ ನಡುವೆ ಮತ್ತು ತುದಿಯ ಬಳಿ ಕೆನೆಬಿಳಿಯ ಚುಕ್ಕೆ. ಗಂಡು ಕಲ್ಲಿನಿಂದ ಎದ್ದು ಅದರ ಮುಂದೆ ಹಾರತೊಡಗಿದಾಗ ಹಿಂದಿನ ಹಸಿರು ರೆಕ್ಕೆಗಳನ್ನು ಬಹುಪಾಲು ಅಲುಗಿಸದೆ ಹಿಡಿದು, ಮುಂದಿನ ರೆಕ್ಕೆಗಳಿಂದಲೇ ಹಾರುತ್ತಿತ್ತು. ಆಮೇಲೆ ನೀರಿನ ಮೇಲೆಯೇ ಇಳಿದು ರೆಕ್ಕೆ ಹರಡಿ ಹರಿವಿನೊಂದಿಗೆ ಗೇಣುದ್ದ ತೇಲಿ ಎದ್ದಿತು. ತಾನು ಕಾಯುತ್ತಿರುವ ಜಾಗದ ಹರಿವು ಮೊಟ್ಟೆ ಇಡಲು ಯೋಗ್ಯವಾದದ್ದು ಎಂದು ಹೆಣ್ಣಿಗೆ ತೋರಿಸುವ ನಡವಳಿಕೆ ಇದೆಂದು ತಜ್ಞರು ಅರ್ಥೈಸುತ್ತಾರೆ. ಕೂಡುವಿಕೆಯ ನಂತರ ಹೆಣ್ಣು ನೀರೊಳಗಿನ ಬೇರುಗಳ ಮೇಲೆ ನಡೆದು ಪೂರ್ತಿ ಮುಳುಗಿತು. ಮುಳುಗಿದ ಹೆಣ್ಣಿನ ಮೈ ಸುತ್ತ ಗಾಳಿಯ ತೆಳುಪೊರೆ ಬೆಳ್ಳಿಯಂತೆ ಹೊಳೆಯುತ್ತಿದ್ದುದು ನಮಗೆ ದಡದಿಂದಲೇ ಕಾಣಿಸುತ್ತಿತ್ತು. ಗಂಡು ಅಷ್ಟು ಹೊತ್ತೂ ಆ ಜಾಗದ ಮೇಲೆಯೇ ಇತರ ಗಂಡುಗಳನ್ನು ಓಡಿಸುತ್ತ ಕಾಯುತ್ತಿತ್ತು. ಈ ಕಾವಲಿಗೆ ಬಲವಾದ ಕಾರಣವಿದೆ. ಇದೇ ಕುಟುಂಬದ ಅಮೆರಿಕದ ಪ್ರಭೇದವೊಂದರಲ್ಲಿ ಗಂಡು, ಹೆಣ್ಣಿನ ದೇಹದಲ್ಲಿ ಮೊದಲೇ ಇರುವ ಪ್ರತಿಸ್ಪರ್ಧಿಯ ವೀರ್ಯವನ್ನು ಹೊರತೆಗೆದು ನಂತರ ತನ್ನದನ್ನು ಸೇರಿಸುತ್ತದೆ ಎಂದು ಜೋನಾಥನ್ ವೇಜ್ 1979ರಲ್ಲಿ ತೋರಿಸಿಕೊಟ್ಟರು. ಮೊಟ್ಟೆ ಇಟ್ಟು ಮುಗಿಯುವ ಮೊದಲು ಇನ್ನೊಂದು ಗಂಡು ಅಡ್ಡಬಂದರೆ ಕಾವಲುಗಾರನ ಶ್ರಮವೆಲ್ಲ ವ್ಯರ್ಥ.

ಮಧ್ಯಾಹ್ನ ಬಂಡೆಯಿಂದ ನೀರು ಧುಮುಕುವ ಜಾಗದಲ್ಲಿ ಜೈಗೋನಿಕ್ಸ್ ಐರಿಸ್ ಎಂಬ ಡ್ರ್ಯಾಗನ್‌ಫ್ಲೈ ನೊರೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಹಾರುತ್ತಿತ್ತು. ಇದು ಕೂರುವುದು ಅಪರೂಪ, ಹಾರುವಾಗಲೇ ತೆಗೆಯಬೇಕು. ಅದು ಗಾಳಿಯಲ್ಲಿ ನಿಲ್ಲುವ ಒಂದೇ ಬಿಂದುವಿಗೆ ಮೊದಲೇ ಫೋಕಸ್ ಮಾಡಿಟ್ಟುಕೊಂಡು, ಅದು ಅಲ್ಲಿಗೆ ಬಂದಾಗಲೆಲ್ಲ ಕ್ಲಿಕ್ಕಿಸಿದೆವು. ಸಿಕ್ಕ ಚಿತ್ರಗಳಲ್ಲಿ ಹೆಚ್ಚಿನವು ಮಸುಕು. ಒಂದರಲ್ಲಿ ಎದೆಯ ನೀಲಿಹಸಿರು ಹೊಳಪು ಮತ್ತು ರೆಕ್ಕೆ ಎರಡೂ ಸ್ಪಷ್ಟ. ದಡದ ಬಂಡೆಯೊಂದರ ಮೇಲೆ ಕಾಮನ್ ಕ್ಲಬ್‌ಟೈಲ್ ಹೊಳೆಗೆ ಮುಖ ಮಾಡಿ ಕೂತಿತ್ತು. ಅದೇ ಬಂಡೆಯ ನೆರಳಿನ ಬದಿಯಲ್ಲಿ ಅದರ ಗುಂಪಿನದೇ ಮರಿಯೊಂದು ಕಳಚಿಟ್ಟ ಒಣಪೊರೆ ಅಂಟಿಕೊಂಡಿತ್ತು. ಪೊರೆಯ ತಲೆಯ ಕೆಳಗೆ ಮಡಚಿಕೊಂಡಿರುವ ಚಾಚುತುಟಿಯನ್ನು ಲೆನ್ಸಿನಲ್ಲಿ ಹಿಗ್ಗಿಸಿ ನೋಡಿದರೆ, ನೀರಿನಡಿಯ ಬದುಕಿನಲ್ಲಿ ಈ ಕೀಟ ಎಂತಹ ಬೇಟೆಗಾರ ಎಂಬುದು ಅರಿವಾಗುತ್ತದೆ. ಪೊರೆಗಳನ್ನೂ ಚಿತ್ರಿಸಿಕೊಂಡೆವು, ಏಕೆಂದರೆ ಹಾರುವ ಕೀಟ ಬೇರೆಡೆಯಿಂದ ಬಂದಿರಬಹುದು. ಪೊರೆ ಮಾತ್ರ ಆ ಪ್ರಭೇದ ಅದೇ ನೀರಿನಲ್ಲಿ ಬೆಳೆಯಿತೆಂದು ಖಚಿತವಾಗಿ ಹೇಳುತ್ತದೆ.

ಮೂರನೆಯ ದಿನ

ಕಕ್ಕಬ್ಬೆಯ ಹೋಂಸ್ಟೇಯಲ್ಲಿ ಬೆಳಗಾಗುವಾಗಲೇ ಮಳೆ. ಮಳೆಯಲ್ಲಿ ಈ ಕೀಟಗಳು ಹಾರುವುದಿಲ್ಲ. ಎಲೆಯಡಿಯಲ್ಲೋ ಕೊಂಬೆಯ ತುದಿಯಲ್ಲೋ ತೂಗಿಕೊಂಡಿರುತ್ತವೆ. ಕೊಡೆ ಹಿಡಿದು ಕಾಫಿ ಗಿಡಗಳ ನಡುವೆ ಹುಡುಕಿದಾಗ ಸಿಕ್ಕಿದ್ದು ಕಡಿಮೆ. ಜಿಗಣೆಗಳು ಮಾತ್ರ ಹೇರಳವಾಗಿದ್ದವು.

ಹನ್ನೆರಡರ ನಂತರ ಬಿಸಿಲು ಬಿದ್ದಾಗ ತೋಟದ ಮಾಲೀಕರು ತಮ್ಮ ಜಮೀನಿನ ತೋಡನ್ನು ಮೇಲಿನಿಂದ ಕೆಳಗಿನವರೆಗೂ ನೋಡಲು ಅನುಮತಿ ಕೊಟ್ಟರು. ಈ ಪ್ರವಾಸದಲ್ಲಿ ನನ್ನ ಮನಸ್ಸಿನಲ್ಲಿ ಅತ್ಯಂತ ಆಳವಾಗಿ ಉಳಿದದ್ದು ಆ ಒಂದು ಮೈಲಿಯೂ ಇಲ್ಲದ ನಡಿಗೆ. ತೋಟದ ಮೇಲ್ಭಾಗದಲ್ಲಿ ಕಾಡುಮರಗಳನ್ನು ನೆರಳಿಗಾಗಿ ಹಾಗೆಯೇ ಉಳಿಸಿದ್ದರು. ತೋಡಿನ ಮೇಲೆ ಆಕಾಶ ಕಾಣಿಸುತ್ತಿರಲಿಲ್ಲ. ಅಲ್ಲಿ ಸಿಕ್ಕಿದ್ದೆಲ್ಲ ನೆರಳಿನ ಕೀಟಗಳು. ಲೋಹದ ಹಸಿರು ಮೈಯ ವೆಸ್ಟಾಲಿಸ್ ಎಂಬ ಡ್ಯಾಮ್ಸೆಲ್‌ಫ್ಲೈಗಳು ಜರೀಗಿಡಗಳ ಮೇಲೆ ಕೂತಿದ್ದವು, ಕಪ್ಪು ಮೈಯ ಮೇಲೆ ನೀಲಿ ಗೆರೆಗಳ ಬ್ಯಾಂಬೂಟೇಲ್ ಎಂಬ ಡ್ಯಾಮ್ಸೆಲ್‌ಫ್ಲೈಗಳು ನೀರಿಗೆ ಇಳಿಬಿದ್ದ ಬೇರುಗಳ ಮೇಲಿದ್ದವು. ತೋಡು ಕೆಳಗಿಳಿದು ಮರಗಳಿಲ್ಲದ ಇಳಿಜಾರನ್ನು ದಾಟಿ ಗದ್ದೆಯ ಅಂಚಿಗೆ ಬಂದಾಗ ಅದೇ ನೀರಿನಲ್ಲಿ ಇವು ಒಂದೂ ಇರಲಿಲ್ಲ. ಅಲ್ಲಿ ಕ್ರಿಮ್ಸನ್ ಟೇಲ್ಡ್ ಮಾರ್ಷ್ ಹಾಕ್, ಬ್ಲ್ಯಾಕ್ ಸ್ಟ್ರೀಮ್ ಗ್ಲೈಡರ್, ಗುಲಾಬಿ ಬಣ್ಣದ ಕ್ರಿಮ್ಸನ್ ಮಾರ್ಷ್ ಗ್ಲೈಡರ್, ಅಂದರೆ ಮಂಡ್ಯದ ನಾಲೆಯ ಬಳಿಯೂ ಸಿಗಬಹುದಾದವು ಕೂತಿದ್ದವು. ನೀರು ಹರಿಯುತ್ತಲೇ ಇತ್ತು, ತಿಳಿಯಾಗಿಯೂ ಇತ್ತು. ಮೇಲಿನ ಮರಗಳು ಹೋದದ್ದರಿಂದ ಬಿಸಿಲು ಬಿದ್ದು ನೀರಿನ ತಾಪ ಏರಿತ್ತು, ನೆರಳು ಬೇಕಾದ ಕೀಟಗಳಿಗೆ ಕೂರಲು ಜಾಗ ಇಲ್ಲವಾಗಿತ್ತು. ತೋಡಿನಲ್ಲಿ ನೀರಿದೆ, ಹಾಗಾಗಿ ತೋಡು ಚೆನ್ನಾಗಿದೆ ಎಂದು ತಿಳಿಯುವವರಿಗೆ ಈ ಎರಡು ಪಟ್ಟಿಗಳನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸಬೇಕೆನಿಸುತ್ತದೆ. ಮಾಲೀಕರು ನಮ್ಮ ಕ್ಯಾಮೆರಾದ ಪರದೆಯಲ್ಲಿ ಮೇಲಿನ ಮತ್ತು ಕೆಳಗಿನ ಕೀಟಗಳನ್ನು ನೋಡಿ, ‘ಹಾಗಾದ್ರೆ ಕೆಳಗೂ ಒಂದೆರಡು ಸಾಲು ಮರ ಬಿಡ್ಬೇಕಿತ್ತು’ ಎಂದು ತಾವಾಗಿಯೇ ಹೇಳಿದರು.

ರಾತ್ರಿ ಜಗಲಿಯ ದೀಪಕ್ಕೆ ಡಾರ್ನರ್ ಎಂಬ ಬಗೆಯ ಕಂದು ಬಣ್ಣದ ದೊಡ್ಡ ಡ್ರ್ಯಾಗನ್‌ಫ್ಲೈ ಒಂದು ಬಂದು ಗೋಡೆಯಲ್ಲಿ ತೂಗಿಕೊಂಡಿತು. ಹಗಲೆಲ್ಲ ಪೊದೆಯಲ್ಲಿ ಅಡಗಿದ್ದು ಮುಸ್ಸಂಜೆಯಲ್ಲಿ ಬೇಟೆಯಾಡುವ ಗೈನಾಕ್ಯಾಂಥಾ ಕುಲದ್ದು. ಇದೇ ಕುಲದ ಪ್ಯಾರಕೀಟ್ ಡಾರ್ನರ್‌ನ ಎದೆ ಹಸಿರು. ಇಲ್ಲಿ ಹಸಿರಿನ ಸುಳಿವಿರಲಿಲ್ಲ, ಆದ್ದರಿಂದ ಬ್ರೌನ್ ಡಾರ್ನರ್ ಎಂದು ಬರೆದುಕೊಂಡೆವು.

ನಾಲ್ಕನೆಯ ದಿನ

ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಕೇರಳದ ಕಡೆಗೆ ಇಳಿಯುವ ಹೆದ್ದಾರಿ ಮಾಕುಟ್ಟದಲ್ಲಿ ದಟ್ಟ ನಿತ್ಯಹರಿದ್ವರ್ಣ ಕಾಡಿನ ನಡುವೆ ಸಾಗುತ್ತದೆ. ರಸ್ತೆಗೆ ಅಡ್ಡಲಾಗಿ ಬರುವ ಪ್ರತಿ ಮೋರಿಯ ಬಳಿಯೂ ಒಂದೊಂದು ತೋಡು. ನಾವು ಕಾಡಿನೊಳಗೆ ಹೋಗದೆ, ರಸ್ತೆಯ ಅಂಚಿನಿಂದ ಕಾಣುವಷ್ಟನ್ನೇ ನೋಡುವುದೆಂದು ನಿರ್ಧರಿಸಿದ್ದೆವು. ಅಷ್ಟೇ ಒಂದು ದಿನಕ್ಕೆ ಮಿಕ್ಕಿತು.

ಮೊದಲ ಮೋರಿಯ ಕೆಳಗೆ ಬಿಸಿಲಿನ ಒಂದೇ ತುಣುಕು ಬಿದ್ದ ಬಂಡೆಯ ಮೇಲೆ ಮಲಬಾರ್ ಟೊರೆಂಟ್ ಡಾರ್ಟ್ ಗಂಡು ಇತ್ತು. ಕೆಂಪು ಉದರ, ಕೊನೆಯ ಖಂಡಗಳು ಕಪ್ಪು, ಹಿಂದಿನ ರೆಕ್ಕೆಗಳ ತುದಿ ಕಪ್ಪು, ಮುಂದಿನವು ಪಾರದರ್ಶಕ. ಇದರ ಕುಟುಂಬದ ಮರಿಗಳಿಗೆ ಬಾಲತುದಿಯ ಕಿವಿರುಗಳ ಜೊತೆಗೆ ಉದರದ ಪಕ್ಕಗಳಲ್ಲಿಯೂ ಕಿವಿರುಗಳಿರುತ್ತವೆ. ರಭಸದ ನೀರಿನಲ್ಲಿ ಕಲ್ಲಿಗೆ ಚಪ್ಪಟೆಯಾಗಿ ಅಂಟಿಕೊಂಡು ಬದುಕುತ್ತವೆ. ಸ್ವಲ್ಪ ಮುಂದೆ, ಇನ್ನೂ ನೆರಳಿನ ಜಾಗದಲ್ಲಿ, ಕಪ್ಪು ಮೈಯ ಮೇಲೆ ಆಕಾಶನೀಲಿ ಚುಕ್ಕೆಗಳಿರುವ ಮಿರಿಸ್ಟಿಕಾ ಸಫೈರ್ ಕಂಡಿತು. ಇವೆರಡೂ ಪಶ್ಚಿಮ ಘಟ್ಟವನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಸಫೈರ್ ಅಂತೂ ತನ್ನ ಕುಲದಲ್ಲಿ ಏಕೈಕ ಪ್ರಭೇದ. ಇವೆರಡರ ವೈಜ್ಞಾನಿಕ ಹೆಸರುಗಳಲ್ಲಿ ಒಂದು ಸ್ನೇಹದ ಕಥೆಯೂ ಇದೆ. ಟೊರೆಂಟ್ ಡಾರ್ಟ್‌ಗೆ 1920ರಲ್ಲಿ ಲೇಯ್ಡ್‌ಲಾ ಎಂಬ ವಿಜ್ಞಾನಿ ಕೀಟತಜ್ಞ ಫ್ರೇಸರ್ ಅವರ ಗೌರವಾರ್ಥ ಫ್ರೇಸರಿ ಎಂಬ ಹೆಸರಿಟ್ಟರು; 1924ರಲ್ಲಿ ಫ್ರೇಸರ್ ಈ ನೀಲಿ ಕೀಟವನ್ನು ವರ್ಣಿಸುವಾಗ ಅದಕ್ಕೆ ಲೇಯ್ಡ್‌ಲಾವಿ ಎಂಬ ಹೆಸರನ್ನು ಕೊಟ್ಟರು.

ಫ್ರೆಡರಿಕ್ ಚಾರ್ಲ್ಸ್ ಫ್ರೇಸರ್ ಅವರನ್ನು ನೆನೆಯದೆ ಕೊಡಗಿನ ತೋಡುಗಳಲ್ಲಿ ನಡೆಯುವುದು ಸಾಧ್ಯವಿಲ್ಲ. ಇಂಡಿಯನ್ ಮೆಡಿಕಲ್ ಸರ್ವಿಸ್‌ನಲ್ಲಿ ವೈದ್ಯರಾಗಿದ್ದ ಅವರು ಕೊಡಗು, ನೀಲಗಿರಿ, ವಯನಾಡುಗಳ ಹೊಳೆಗಳಲ್ಲಿ ಓಡಾಡಿ, ಫಾನಾ ಆಫ್ ಬ್ರಿಟಿಷ್ ಇಂಡಿಯಾ ಮಾಲೆಯಲ್ಲಿ 1933, 1934 ಮತ್ತು 1936ರಲ್ಲಿ ಮೂರು ಸಂಪುಟಗಳನ್ನು ಪ್ರಕಟಿಸಿದರು. ಇಂದಿಗೂ ಅನುಮಾನ ಬಂದಾಗ ನಾವು ತೆರೆಯುವುದು ಅವೇ ಸಂಪುಟಗಳನ್ನು. ಅವರ ಕಾಲದಲ್ಲಿ ಕೀಟ ಕೈಯಲ್ಲಿತ್ತು, ಸೂಕ್ಷ್ಮದರ್ಶಕದ ಕೆಳಗಿತ್ತು. ರೆಕ್ಕೆಯ ನರಗಳನ್ನೂ ಗಂಡಿನ ಬಾಲತುದಿಯ ಉಪಾಂಗಗಳನ್ನೂ ಬಿಡಿಸಿ ಚಿತ್ರ ಬರೆದಿಟ್ಟಿದ್ದಾರೆ. ಕ್ಯಾಮೆರಾ ಹಿಡಿದ ನಾವು ಅದೇ ಅಂಗಗಳನ್ನು ಜೀವಂತ ಕೀಟದಲ್ಲಿ, ಅದು ಹಾರಿಹೋಗುವ ಮೊದಲು ಹಿಡಿಯಬೇಕು. ಆ ಉಪಾಂಗಗಳು ಕೂಡುವಾಗ ಹೆಣ್ಣಿನ ಕುತ್ತಿಗೆಯ ಭಾಗವನ್ನು ಹಿಡಿಯುವ ಚಿಮಟಗಳು. ಪ್ರಭೇದದಿಂದ ಪ್ರಭೇದಕ್ಕೆ ಅವುಗಳ ಆಕಾರ ಬೇರೆಯಾಗುವುದರಿಂದಲೇ ಬಣ್ಣ ಕೈಕೊಟ್ಟಲ್ಲಿಯೂ ಅವು ಕೈಹಿಡಿಯುತ್ತವೆ.

ವೆಸ್ಟಾಲಿಸ್‌ಗಳು ಮಾಕುಟ್ಟದಲ್ಲಿ ಎಲ್ಲ ಕಡೆ ಇದ್ದವು. ರೆಕ್ಕೆಯ ತುದಿ ಕಪ್ಪಾಗಿದ್ದರೆ ವೆಸ್ಟಾಲಿಸ್ ಎಪಿಕಾಲಿಸ್. ತುದಿ ಸ್ವಚ್ಛವಾಗಿದ್ದರೆ ವೆಸ್ಟಾಲಿಸ್ ಗ್ರ್ಯಾಸಿಲಿಸ್ ಎಂದು ಹೇಳಿಬಿಡುವ ಅಭ್ಯಾಸ ಹಲವರಲ್ಲಿದೆ, ಆದರೆ ಸ್ವಚ್ಛ ರೆಕ್ಕೆಯ ವೆಸ್ಟಾಲಿಸ್ ಸಬ್‌ಮಾಂಟಾನಾ ಕೂಡ ಘಟ್ಟದ ಎತ್ತರದ ಪ್ರದೇಶಗಳಲ್ಲಿದೆ, ಅದನ್ನು ಬೇರ್ಪಡಿಸುವುದು ಗಂಡಿನ ಉಪಾಂಗ. ಮಾಕುಟ್ಟ ತಗ್ಗಿನ ಜಾಗವಾದರೂ ನಿನ್ನೆಯ ತೋಟ ಎತ್ತರದಲ್ಲಿದ್ದುದರಿಂದ ಎರಡೂ ಕಡೆ ಉಪಾಂಗಗಳ ಹತ್ತಿರದ ಚಿತ್ರಗಳನ್ನು ತೆಗೆದಿದ್ದೆವು.

ಮಧ್ಯಾಹ್ನದ ಮೇಲೆ ಮೋರಿಯೊಂದರ ಒಳಬದಿಯ ಕತ್ತಲಲ್ಲಿ ಪೈಡ್ ರೀಡ್‌ಟೇಲ್ ಸಿಕ್ಕಿತು. ಪ್ರೋಟೋಸ್ಟಿಕ್ಟಾ ಗ್ರೇವ್‌ಲಿ ಎಂಬ ಈ ಡ್ಯಾಮ್ಸೆಲ್‌ಫ್ಲೈನ ಉದರ ರೆಕ್ಕೆಗಳಿಗಿಂತ ಬಹಳ ಉದ್ದ, ದಾರದಷ್ಟು ತೆಳು. ಹಾರುವಾಗ ಮೈ ಕಾಣಿಸುವುದಿಲ್ಲ, ಬಿಳಿಯ ಗುರುತುಗಳು ಮಾತ್ರ ಗಾಳಿಯಲ್ಲಿ ಚಲಿಸಿದಂತೆ ತೋರುತ್ತವೆ. ಇಷ್ಟು ಉದ್ದದ ಕೀಟವನ್ನು ಪೂರ್ತಿ ಫೋಕಸ್ಸಿನಲ್ಲಿ ತರಬೇಕೆಂದರೆ ಸೆನ್ಸಾರ್ ಅದರ ಮೈಗೆ ಕರಾರುವಾಕ್ಕಾಗಿ ಸಮಾನಾಂತರವಿರಬೇಕು. ಲೆನ್ಸಿನ ಬೆಳಕಿಂಡಿಯನ್ನು ಎಫ್ 11ಕ್ಕೆ ಇಳಿಸಿ, ಬೆಳಕನ್ನು ಮೃದುವಾಗಿಸುವ ಡಿಫ್ಯೂಸರ್ ಹಾಕಿದ ಫ್ಲ್ಯಾಶ್ ಬಳಸಿ, ಮೊಣಕಾಲೂರಿ ಮೊದಲು ಪೂರ್ತಿ ಮೈಯನ್ನು, ನಂತರ ಎದೆಯ ಮುಂಭಾಗದ ಕೆನೆಬಿಳುಪನ್ನು, ಕೊನೆಗೆ ಬಾಲತುದಿಯನ್ನು ತೆಗೆದೆವು. ಫ್ಲ್ಯಾಶ್ ನೇರವಾಗಿ ಹೊಡೆದರೆ ಕಪ್ಪು ಮೈಯ ಹೊಳಪು ಬಿಳಿಚಿ ಗುರುತುಗಳು ಅಳಿಸಿಹೋಗುತ್ತವೆ. ಆದ್ದರಿಂದ ಕಾಡಿನ ಕೀಟಗಳಿಗೆ ಡಿಫ್ಯೂಸರ್ ಇಲ್ಲದೆ ಫ್ಲ್ಯಾಶ್ ಬಳಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಸಂಜೆ ವಿರಾಜಪೇಟೆಗೆ ವಾಪಸ್ಸಾಗಿ ಚಿತ್ರಗಳನ್ನೆಲ್ಲ ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಕೂತೆವು. ಅತಿ ಹೆಚ್ಚು ಹೊತ್ತು ಹಿಡಿದದ್ದು ಕಾಫಿ ತೋಟದ ಬ್ಯಾಂಬೂಟೇಲ್‌ಗಳು. ಇವುಗಳಲ್ಲಿ ಹಲವು ಕುಲಗಳು ಕಪ್ಪುನೀಲಿಯೇ ಆಗಿದ್ದು, ಎದೆಯ ನೀಲಿ ಗೆರೆ ಎಷ್ಟು ಅಗಲ, ಉದರದ ಕೊನೆಯ ಖಂಡಗಳಲ್ಲಿ ನೀಲಿ ಎಲ್ಲಿಂದ ಎಲ್ಲಿಯವರೆಗೆ, ಉಪಾಂಗದ ಆಕಾರ ಹೇಗೆ ಎಂಬುದನ್ನು ಒಟ್ಟಾಗಿ ನೋಡಬೇಕು. ಗೆಳೆಯರೊಬ್ಬರು ತೆಗೆದ, ಹಿನ್ನೆಲೆಯಲ್ಲಿ ನೀರಿನ ಬೆಳಕು ಹರಡಿದ ಬಹಳ ಸುಂದರವಾದ ಚಿತ್ರದಲ್ಲಿ ಬಾಲತುದಿ ಎಲೆಯ ಹಿಂದಿತ್ತು. ಅದೇ ಕೀಟದ್ದು ಇನ್ನೊಬ್ಬರು ಪಕ್ಕದಿಂದ ತೆಗೆದ ಚಿತ್ರದಲ್ಲಿ ಕಣ್ಣು ಮಸುಕಾಗಿದ್ದರೂ ಉಪಾಂಗಗಳು ಚೆನ್ನಾಗಿ ಮೂಡಿದ್ದವು. ಫ್ರೇಸರ್ ಬರೆದ ರೇಖಾಚಿತ್ರದ ಪಕ್ಕದಲ್ಲಿಟ್ಟು ನೋಡಿ ಅದನ್ನು ಕೂರ್ಗ್ ಬ್ಯಾಂಬೂಟೇಲ್, ಕ್ಯಾಕೋನ್ಯೂರಾ ರಾಂಬುರಿ ಎಂದು ನಿರ್ಧರಿಸಿದೆವು. ಅದರ ಜೊತೆಯಲ್ಲಿದ್ದ ಹೆಣ್ಣುಗಳಿಗೆ ಮತ್ತು ತೋಟದಲ್ಲಿ ಕಂಡ ಸ್ವಚ್ಛ ರೆಕ್ಕೆಯ ವೆಸ್ಟಾಲಿಸ್ ಹೆಣ್ಣುಗಳಿಗೆ ಪ್ರಭೇದದ ಹೆಸರು ಹಾಕಲಿಲ್ಲ. ಕುಲದ ಹೆಸರು, ತೋಡಿನ ಜಾಗ, ದಿನಾಂಕ, ಮೇಲೆ ನೆರಳಿತ್ತೋ ಇಲ್ಲವೋ ಎಂಬುದನ್ನು ಬರೆದು ಪಟ್ಟಿಯನ್ನು ಮುಗಿಸಿದೆವು.